ಕತ್ತರಿಸಿಟ್ಟ ಉಸಿರು

ಕತ್ತರಿ ಮತ್ತು ಇನ್ಸ್‌ಪೆಕ್ಟರ್ ಇಬ್ಬರೂ ಬಾಡಿಗೆ ಕುರ್ಚಿಗಳನ್ನು ಬಿಡಿಸಿ ಅಂಗಳದಲ್ಲಿ ಸಾಲಾಗಿ ಇಡುತ್ತಿದ್ದರು. ಕಬ್ಬಿಣದ ಮಡಚುವ ಕುರ್ಚಿಗಳು. ಬಿಡಿಸಿದರೆ ಕಿರ್ರೆನ್ನುವ, ಇಟ್ಟರೆ ಠಣ್ಣೆನ್ನುವ ಜಾತಿ. ಇವರ ಕೈಯಲ್ಲಿ ಮಾತ್ರ ಒಂದೂ ಸದ್ದು ಮಾಡುತ್ತಿರಲಿಲ್ಲ. ಕೀಲಿನ ಮೇಲೆ ಹೆಬ್ಬೆರಳು ಒತ್ತಿ ಮೆಲ್ಲಗೆ ಬಿಡಿಸುವುದು, ನಾಲ್ಕು ಕಾಲನ್ನೂ ಒಟ್ಟಿಗೆ ನೆಲಕ್ಕೆ ತಾಗಿಸುವುದು, ಆಮೇಲೆ ಇನ್ನೊಂದನ್ನು ಎತ್ತಿಕೊಳ್ಳುವುದು.

"ಏನ್ ಸ್ವಾಮೀ, ಮೊಟ್ಟೆ ಇಟ್ಟ ಹಾಗೆ ಇಡ್ತಾ ಇದೀರಲ್ಲ. ಹಿಂಗಾದ್ರೆ ಸಂಜೆ ಆಗುತ್ತೆ ಅಷ್ಟೆ" ಎಂದ ಕುರ್ಚಿ ತಂದವನು.

ಇಬ್ಬರೂ ತಮ್ಮ ಕೈಗಳನ್ನು ತಾವೇ ನೋಡಿಕೊಂಡರು. ವಾರವಾರವೂ ರೇಡಿಯೋ ನಾಟಕ ರೆಕಾರ್ಡ್ ಮಾಡುವವರಿಗೆ ಅಂಟಿಕೊಳ್ಳುವ ಚಾಳಿ ಇದು. ಮನೆಯಲ್ಲಿ ಲೋಟ ಇಡುವಾಗಲೂ ಬಿಡುವುದಿಲ್ಲ. ಇನ್ಸ್‌ಪೆಕ್ಟರ್ ನಿಜವಾದ ಇನ್ಸ್‌ಪೆಕ್ಟರ್ ಅಲ್ಲ, ಚಪ್ಪಲಿ ಅಂಗಡಿಯವನು. ಗಂಟಲು ದಪ್ಪಗಿರುವ ತಪ್ಪಿಗೆ ಪ್ರತಿ ನಾಟಕದಲ್ಲೂ ಪೊಲೀಸ್ ಪಾತ್ರ ಅವನ ತಲೆಗೇ ಬೀಳುತ್ತಿತ್ತು. ಕತ್ತರಿಗೆ ಮೊಬೈಲ್ ರಿಪೇರಿ ಅಂಗಡಿ. ನಾಟಕದ ತಂಡದಲ್ಲಿ ರೆಕಾರ್ಡ್ ಮಾಡುವುದು, ಆಮೇಲೆ ಕೂತು ಬೇಡದ್ದನ್ನೆಲ್ಲ ಕತ್ತರಿಸಿ ಉಳಿದದ್ದನ್ನು ಜೋಡಿಸುವುದು ಅವನ ಪಾಲಿನ ಕೆಲಸ. ಅವನ ಸ್ವಂತ ಹೆಸರು ಈಗ ಹೆಂಡತಿಯ ಬಾಯಲ್ಲಿ ಮಾತ್ರ ಉಳಿದಿತ್ತು.

ಒಳಗೆ ನಡುಮನೆಯಲ್ಲಿ ಅನೌನ್ಸಕ್ಕನನ್ನು ಮಲಗಿಸಿದ್ದರು. ಗದ್ದದವರೆಗೆ ಬಿಳಿ ಬಟ್ಟೆ ಹೊದಿಸಿದ್ದರು. ಊರಿನ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ, ಯಾವ ಪ್ಲಾಟ್‌ಫಾರಂಗೆ ಎಂದು ಮೈಕಿನಲ್ಲಿ ಹೇಳುತ್ತಲೇ ಮುದುಕಿಯಾದವಳು. ಬಂದು ಕೂತವರಲ್ಲಿ ಅರ್ಧದಷ್ಟು ಜನ ಬಸ್ಸಿನವರೇ.

"ಎಷ್ಟು ಸಲ ಮಾನ ಕಳೆದಿದಾಳೆ ನಂದು" ಎಂದ ಒಬ್ಬ ಹಳೆಯ ಡ್ರೈವರು, ಕರ್ಚೀಫಿನಿಂದ ಮೂಗು ಒರೆಸಿಕೊಳ್ಳುತ್ತ. "ಚಾಲಕರು ಟೀ ಕುಡಿದಿದ್ದು ಸಾಕು, ದಯವಿಟ್ಟು ಬಸ್ಸು ಹತ್ತಬೇಕು ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಿಬಿಡೋಳು. ಲೋಟ ಅಲ್ಲೇ ಬಿಟ್ಟು ಓಡ್ತಿದ್ದೆ."

ಸುತ್ತಲಿದ್ದವರು ನಕ್ಕರು. ನಕ್ಕಿದ್ದಕ್ಕೆ ನಾಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೇಷ್ಟ್ರು ಗೇಟು ದಾಟಿ ಬಂದವರೇ ಕತ್ತರಿಯ ತೋಳು ಹಿಡಿದು ಗೋಡೆ ಪಕ್ಕಕ್ಕೆ ಎಳೆದರು. ನಿವೃತ್ತ ಶಾಲಾ ಮಾಸ್ತರರು. ತಂಡದ ನಾಟಕಗಳನ್ನು ಬರೆಯುವವರೂ ಆಡಿಸುವವರೂ ಅವರೇ. "ಲ್ಯಾಪ್‌ಟಾಪ್ ತಂದಿದೀಯ ತಾನೆ? ಗಾಡಿ ಬರೋ ಮುಂಚೆ ಒಂದು ಸೀನು ಹಾಕೋಣ. ಎಲ್ಲರೂ ಒಂದ್ಸಲ ಅವಳ ದನಿ ಕೇಳಲಿ."

"ತಂದಿದೀನಿ."

ಮೇಷ್ಟ್ರು ದನಿ ತಗ್ಗಿಸಿದರು. "ಇನ್ನೊಂದು ವಿಷಯ. ಕೊನೇ ಕಂತಲ್ಲಿ ಅವಳದು ಒಂದು ಮಾತು ಬಾಕಿ ಉಳೀತು. 'ಬಾಗಿಲು ತೆಗೆದೇ ಇರಲಿ' ಅನ್ನೋದು. ಹಳೇ ಕಂತುಗಳಲ್ಲಿ ಬಾಗಿಲು ಇದೆ, ಇರಲಿ ಅನ್ನೋದು ಬೇಕಾದಷ್ಟಿದೆ. ಜೋಡಿಸೋಕಾಗುತ್ತಲ್ಲ?"

"ಮೇಷ್ಟ್ರೇ, ಅಕ್ಕ ಇನ್ನೂ ಮನೇಲೇ ಇದಾಳೆ."

"ನಂಗೆ ಗೊತ್ತಿಲ್ವೇನೋ" ಎಂದರು ಮೇಷ್ಟ್ರು. ಅವರ ಕಣ್ಣು ಅತ್ತು ಅತ್ತು ಕೆಂಪಾಗಿತ್ತು. ದುಃಖವೂ ನಾಟಕವೂ ಅವರಲ್ಲಿ ಒಂದೇ ನಲ್ಲಿಯಿಂದ ಬರುತ್ತಿದ್ದವು. ತಿರುಗಿಸಿದರೆ ಎರಡೂ ಸುರಿಯುತ್ತಿದ್ದವು.

ಕತ್ತರಿ ಅವರಿಂದ ತಪ್ಪಿಸಿಕೊಂಡು ಜಗುಲಿಯ ಮೇಲೆ ಬಂದು ಕೂತ. ಅಕ್ಕನ ಮಗಳು ಅಲ್ಲೇ ಬಾಗಿಲಿಗೆ ಒರಗಿ, ಆಗ ತಾನೇ ಬಂದಿಳಿದ ಚಿಕ್ಕಮ್ಮನಿಗೆ ಆಸ್ಪತ್ರೆಯದನ್ನೆಲ್ಲ ಹೇಳುತ್ತಿದ್ದಳು. ಬೇರೆ ಊರಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಗಳಿಗೆ. ಬೆಳಗಿನಿಂದ ಇದನ್ನು ಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಬತ್ತಿತ್ತು.

"ಹಾರ್ಟು ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತಂತೆ ಚಿಕ್ಕಮ್ಮ. ಇದು ನಿನ್ನೆ ಮೊನ್ನೆದಲ್ಲ ಅಂದ್ರು ಡಾಕ್ಟರು. ಎಷ್ಟೋ ತಿಂಗಳಿಂದ ಉಸಿರಾಡುವಾಗ ಸದ್ದು ಬಂದಿರಬೇಕು, ಮನೇಲಿ ಯಾರೂ ಕೇಳಿಸ್ಕೊಳ್ಳಲಿಲ್ವಾ ಅಂದ್ರು. ಮುಂಚೆ ಗೊತ್ತಾಗಿದ್ರೆ ಮಾತ್ರೇಲೇ ಇನ್ನಷ್ಟು ವರ್ಷ ತಳ್ಳಬಹುದಿತ್ತಂತೆ."

"ಅಯ್ಯೋ ದೇವರೇ. ಭಾವನಿಗೆ ಗೊತ್ತಾಗಲಿಲ್ವಾ?"

"ಅಪ್ಪನಿಗೆ ಎಲ್ಲಿ ಕೇಳಿಸುತ್ತೆ? ಪಕ್ಕದಲ್ಲೇ ನಿಂತು ಏನಂತೆ, ಏನಂತೆ ಅಂತ ನನ್ನ ಕೈ ಜಗ್ತಾ ಇದ್ರು. ಡಾಕ್ಟರು ಕೇಳಿದ್ದನ್ನ ನಾನೇ ಅಪ್ಪನ ಕಿವಿಗೆ ಕಿರುಚಿ ಹೇಳಬೇಕಾಯ್ತು. ಅಮ್ಮನ ಉಸಿರಿನ ಸದ್ದು ಕೇಳಿಸಲಿಲ್ವಾ ಅಂತ ಕೇಳ್ತಿದಾರಪ್ಪಾ ಅಂತ. ಇಡೀ ವಾರ್ಡು ತಿರುಗಿ ನೋಡ್ತು. ಆಗಿಂದ ಒಂದೇ ಮಾತು ಅವರದು, ನನ್ನ ಕಿವಿಯಿಂದ ಹೋದ್ಲು, ನನ್ನ ಕಿವಿಯಿಂದ ಹೋದ್ಲು ಅಂತ."

ಕತ್ತರಿ ಎದ್ದು ಹೋಗಿ, ಸಾಲಾಗಿಯೇ ಇದ್ದ ಕುರ್ಚಿಗಳನ್ನು ಮತ್ತೆ ಸಾಲಾಗಿ ಇಡತೊಡಗಿದ.

*

ರೇಡಿಯೋ ಕೇಂದ್ರದವರು ನಾಟಕ ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ವಾರದ ನಾಟಕದ ಹೊತ್ತಿಗೆ ಒಂದು ಕಾಲದಲ್ಲಿ ಬೀದಿಗಳೇ ಖಾಲಿಯಾಗುತ್ತಿದ್ದವು ಎಂದು ಮೇಷ್ಟ್ರು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು. ಫೋನು ರಿಪೇರಿಗೆ ತಂದಾಗ ಕತ್ತರಿಗೂ ಹೇಳಿದರು.

"ಅದಕ್ಕೆ ರೇಡಿಯೋ ಕೇಂದ್ರಾನೇ ಯಾಕೆ ಬೇಕು ಮೇಷ್ಟ್ರೇ? ಒಂದು ಮೈಕು, ಒಂದು ಲ್ಯಾಪ್‌ಟಾಪು ಇದ್ರೆ ನಾವೇ ಮಾಡಿ ನೆಟ್ಟಿಗೆ ಹಾಕಬಹುದು. ಕೇಳೋರು ಕೇಳ್ತಾರೆ" ಎಂದುಬಿಟ್ಟ ಕತ್ತರಿ. ಬಾಯಿಗೆ ಬಂದದ್ದು ಆಡಿದ್ದ, ಅಷ್ಟೆ. ಮಾರನೆಯ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಮೇಷ್ಟ್ರು ಕಂಕುಳಲ್ಲಿ ಹೊಸ ನಾಟಕ ಇಟ್ಟುಕೊಂಡು ನಿಂತಿದ್ದರು.

ಹಾಸಿಗೆ ಅಂಗಡಿಯೊಂದರ ಹಿಂದಿನ ಗೋಡೌನು ಸಿಕ್ಕಿತು. ಅಂಗಡಿಯ ವಾರದ ರಜೆಯ ದಿನ ಮಧ್ಯಾಹ್ನ ಅದು ಇವರದು. ಗೋಡೆಗೆ ಸುತ್ತಲೂ ಹಾಸಿಗೆಗಳನ್ನು ಒರಗಿಸಿ ನಿಲ್ಲಿಸಿದರೆ ಹೊರಗಿನ ಹಾರನ್ನೂ ಕೇಳಿಸದು, ಒಳಗಿನ ಮಾತೂ ಗುಂಯ್ಗುಡದು. ಕಿಟಕಿ ಮುಚ್ಚಿ ಫ್ಯಾನ್ ಆರಿಸಬೇಕು. ಫ್ಯಾನು ತಿರುಗಿದರೆ ಮೈಕಿಗೆ ಅದೇ ಮೊದಲು ಕೇಳಿಸುತ್ತದೆ. ಹತ್ತಿಯ ಧೂಳು, ಬೆವರು, ಮಧ್ಯೆ ಒಂದು ಮೈಕು.

ಅಕ್ಕನನ್ನು ಹುಡುಕಿ ತಂದದ್ದು ಮೇಷ್ಟ್ರೇ. ಬಸ್ ನಿಲ್ದಾಣಕ್ಕೆ ಕಂಪ್ಯೂಟರಿನ ದನಿ ಬಂದಿತ್ತು. ಅಕ್ಕನನ್ನು ಕೊನೆಯ ದಿನಗಳಲ್ಲಿ ಪಾಸ್ ಕೌಂಟರಿಗೆ ಹಾಕಿ, ಅಲ್ಲಿಂದಲೇ ನಿವೃತ್ತಿ ಮಾಡಿ ಕಳಿಸಿದ್ದರು. ವಯಸ್ಸಿನಲ್ಲಿದ್ದಾಗ ಅವಳು ರೇಡಿಯೋ ನಾಟಕಗಳಲ್ಲಿ ಮಕ್ಕಳ ಪಾತ್ರ ಮಾಡುತ್ತಿದ್ದವಳು. ಮೊದಲ ದಿನ ಗೋಡೌನಿಗೆ ಬಂದವಳೇ ಕೈಗಡಿಯಾರ ಬಿಚ್ಚಿ ಆಚೆ ಇಟ್ಟಳು. ಇನ್ಸ್‌ಪೆಕ್ಟರನ ಗಂಜಿ ಹಾಕಿದ ಶರ್ಟು ನೋಡಿ, "ಇದನ್ನ ಬಿಚ್ಚಿ ಬಾ ತಮ್ಮ. ನೀನು ಕೈ ಎತ್ತಿದ್ರೆ ಹಪ್ಪಳ ಮುರಿದ ಹಾಗೆ ಕೇಳಿಸುತ್ತೆ" ಎಂದಳು. ಆಮೇಲೆ ಮೈಕಿನ ಮುಂದೆ ನಿಂತು, ಚೆಂಡು ಕಳೆದುಕೊಂಡ ಐದು ವರ್ಷದ ಹುಡುಗನಾಗಿ ಬಿಕ್ಕಿದಳು. ಬನಿಯನ್ನಿನಲ್ಲಿ ನಿಂತಿದ್ದ ಇನ್ಸ್‌ಪೆಕ್ಟರ್, ಯಾವುದೋ ಮಗು ಒಳಗೆ ನುಗ್ಗಿತೆಂದು ಹಿಂತಿರುಗಿ ನೋಡಿಬಿಟ್ಟ.

ಮೊದಲ ನಾಟಕವನ್ನು ಕೇಳಿದ್ದು ಅವರವರ ಮನೆಯವರು. ನಿಧಾನಕ್ಕೆ ಲಾರಿ ಓಡಿಸುವವರು, ಬಟ್ಟೆ ಹೊಲಿಯುವವರು, ಪಾಳಿ ಕಾಯುವ ವಾಚ್‌ಮನ್ನುಗಳು ಸೇರಿಕೊಂಡರು. ಮುಂದಿನ ಕಂತು ಯಾವಾಗ ಎಂದು ಕೇಳತೊಡಗಿದರು. ಅವರು ಬರೆದದ್ದನ್ನು ಓದಿ ಹೇಳಿದಾಗ ಅಕ್ಕ ಫೋನು ಇಸಿದುಕೊಂಡು ತಾನೇ ಒಮ್ಮೆ ಓದಿದಳು.

"ಬಸ್‌ಸ್ಟ್ಯಾಂಡಲ್ಲಿ ನನ್ನ ದನಿ ಕೇಳಿದ ತಕ್ಷಣ ಜನ ಎದ್ದು ಓಡ್ತಿದ್ರು ಕಣೋ" ಎಂದಳು ಕತ್ತರಿಗೆ. "ಇಲ್ಲಿ ಕೂತ್ಕೊಂಡು ಕೇಳ್ತಾರಂತೆ."

*

ಭಾವ ಹೊರಗೆ ಬಂದು ಕತ್ತರಿಯ ಪಕ್ಕದ ಕುರ್ಚಿಯಲ್ಲೇ ಕೂತರು. ತಂಡದವರಿಗೆಲ್ಲ ಅವಳು ಅಕ್ಕನಾದ ಮೇಲೆ ಅವಳ ಗಂಡ ಭಾವ. ಮಗ್ಗದ ಕಾರ್ಖಾನೆಯಲ್ಲಿ ಜೀವಮಾನ ಕಳೆದ ಮನುಷ್ಯ. ಆ ಗದ್ದಲ ಅವರ ಎರಡೂ ಕಿವಿಗಳನ್ನು ತಿಂದು ಮುಗಿಸಿತ್ತು. ಕಿವಿಯ ಮಿಷನ್ನು ಒಂದು ಕೊಡಿಸಿದ್ದರು. ಅದು ಕುಂಯ್ಯೆಂದು ಕೂಗುತ್ತದೆ ಎಂದು ಬಿಚ್ಚಿಟ್ಟವರು ಮತ್ತೆ ಹಾಕಿಕೊಂಡಿರಲಿಲ್ಲ.

"ನೀನೇ ಅಲ್ವಾ ಕತ್ತರಿ?" ಎಂದರು. ಕಿವುಡರ ದನಿ, ಅಂಗಳಕ್ಕೆಲ್ಲ ಕೇಳಿಸಿತು. "ಅವಳು ಹೇಳ್ತಿದ್ಲು. ಸೊಳ್ಳೆ ರೆಕ್ಕೆ ಬಡಿದ್ರೂ ನಿಂಗೆ ಕೇಳಿಸುತ್ತಂತೆ."

ಕತ್ತರಿ ತಲೆ ತಗ್ಗಿಸಿದ.

"ನಿಮ್ಮ ಹತ್ರ ಏನಾದ್ರೂ ಅಂದಿದ್ಲೇನೋ? ಉಸಿರು ಕಟ್ಟುತ್ತೆ, ಸುಸ್ತಾಗುತ್ತೆ, ಏನಾದ್ರೂ?"

ಕತ್ತರಿ ಇಲ್ಲವೆಂದು ತಲೆಯಾಡಿಸಿದ. ಅದು ಸುಳ್ಳೂ ಆಗಿರಲಿಲ್ಲ. ಅಕ್ಕ ಏನೂ ಅಂದಿರಲಿಲ್ಲ. ಆದರೂ ತಲೆಯಾಡಿಸಿದ ಕೂಡಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ದಿಂಬಿನ ಮೇಲೆ ದಿಂಬು ಒಟ್ಟಿ, ಒರಗಿ ಕೂತೇ ನಿದ್ದೆ ಮಾಡ್ತಿದ್ಲು" ಎಂದರು ಭಾವ. "ಯಾಕೆ ಹೀಗೆ ಅಂದ್ರೆ, ನಾಟಕದ ಮಾತು ಬಾಯಿಪಾಠ ಮಾಡ್ತಾ ಇದೀನಿ, ನೀವು ಮಲಗಿ ಅನ್ನೋಳು. ನಾನೂ ನಂಬ್ಕೊಂಡು ಮಲಗ್ತಿದ್ದೆ."

ರೇಡಿಯೋ ನಾಟಕದಲ್ಲಿ ಯಾರೂ ಬಾಯಿಪಾಠ ಮಾಡುವುದಿಲ್ಲ. ಹಾಳೆ ಕೈಯಲ್ಲಿ ಹಿಡಿದೇ ಓದುತ್ತಾರೆ. ಹಾಳೆ ತಿರುವುವ ಸದ್ದು ಬಾರದ ಹಾಗೆ ಓದುವುದೇ ಅಲ್ಲಿನ ವಿದ್ಯೆ. ಅದನ್ನು ಈ ಮುದುಕರಿಗೆ ಈಗ ಹೇಳಿ ಏನಾಗಬೇಕು?

"ಒಂದು ಗೋಡೆ ಆಚೆ ಇದ್ದಿದ್ರೆ ಬೇರೆ ಮಾತು. ಒಂದು ಮೊಳ ದೂರದಲ್ಲಿ ಮಲಗ್ತಿದ್ದೆ ಕಣೋ" ಎಂದರು ಭಾವ. "ಬೇರೆ ಯಾವನಾದ್ರೂ ಗಂಡ ಆಗಿದ್ದಿದ್ರೆ ಎದ್ದು ದೀಪ ಹಾಕಿರ್ತಿದ್ದ."

ಅವರು ಅಳಲಿಲ್ಲ. ಎರಡು ಬೆರಳಿನಿಂದ ತಮ್ಮ ಬಲಗಿವಿಯನ್ನು ಹಿಡಿದು, ಬೇರೆ ಯಾರದೋ ಎಂಬ ಹಾಗೆ ಹಿಂಡುತ್ತ ಕೂತಿದ್ದರು. ಅದು ಕೆಂಪಗಾಗಿತ್ತು.

*

ಮೊದಲ ಸಲ ಕೇಳಿಸಿದಾಗ ಕತ್ತರಿ ಅದನ್ನು ವೈರಿನ ತೊಂದರೆ ಎಂದುಕೊಂಡಿದ್ದ. ಅಕ್ಕನ ಮಾತು ಮುಗಿದ ಕಡೆಯಲ್ಲೆಲ್ಲ ಸಣ್ಣಗೆ ಸುಂಯ್ ಎಂಬ ಸದ್ದು. ವೈರು ಬದಲಿಸಿದ. ಮೈಕು ಬದಲಿಸಿದ. ಹಾಸಿಗೆಗಳ ಸಂದಿಯಿಂದ ಗಾಳಿ ಬರುತ್ತಿದೆಯೇನೋ ಎಂದು ಬಟ್ಟೆ ತುರುಕಿದ. ಕೊನೆಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಾಗ ಗೊತ್ತಾಯಿತು: ಅದು ಅಕ್ಕನ ಉಸಿರು. ಒಳಕ್ಕೆ ಎಳೆದುಕೊಳ್ಳುವಾಗ ಸಣ್ಣ ಶಿಳ್ಳೆ, ಬಿಡುವಾಗ ತಳದಲ್ಲಿ ಏನೋ ಗುಳುಗುಳು.

ಬೇಸಿಗೆಯ ಮೊದಲ ವಾರಗಳವು. ಅವನಿಗೆ ಆಗ ಸಿಟ್ಟು ಬಂದಿತ್ತು, ಇಷ್ಟು ಚೆನ್ನಾಗಿ ಬಂದ ಸೀನು ಹಾಳಾಯಿತಲ್ಲ ಎಂದು.

"ಅಕ್ಕ, ಸ್ವಲ್ಪ ಮೈಕಿಂದ ಮುಖ ಓರೆ ಮಾಡಿ ಉಸಿರು ತಗೋತೀಯಾ? ಎಲ್ಲಾ ಒಳಗೆ ಬರ್ತಾ ಇದೆ."

"ಯಾಕೋ, ನಿಮ್ಮ ನಾಟಕದಲ್ಲಿ ಉಸಿರಾಡೋದೂ ತಪ್ಪಾ?" ಎಂದು ನಕ್ಕಿದ್ದಳು. ನಕ್ಕದ್ದಕ್ಕೆ ಕೆಮ್ಮು ಬಂತು. "ಒಂಚೂರು ಫ್ಯಾನ್ ಹಾಕಪ್ಪ. ಆಮೇಲೆ ತಗೊಳ್ಳೋಣ."

ಫ್ಯಾನು ಹಾಕಿದರು. ಅವಳು ಕೂತು ಸುಧಾರಿಸಿಕೊಂಡಳು. ಮತ್ತೆ ಆರಿಸಿದರು.

ಓರೆ ಮಾಡಿದರೂ ಉಸಿರು ಬರುತ್ತಲೇ ಇತ್ತು, ವಾರದಿಂದ ವಾರಕ್ಕೆ ಹೆಚ್ಚಾಗುತ್ತಲೇ ಇತ್ತು. ಮೊದಲು ಒಂದು ವಾಕ್ಯಕ್ಕೆ ಒಂದಿದ್ದದ್ದು ಆಮೇಲೆ ಎರಡಾಯಿತು, ಮೂರಾಯಿತು. ಕತ್ತರಿ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಒಂದೊಂದನ್ನೇ ಕತ್ತರಿಸುತ್ತಿದ್ದ. ಉಸಿರು ತೆಗೆದು, ಮಾತಿನ ಎರಡು ತುದಿಗಳನ್ನು ಬೆಸೆದು, ಬೆಸುಗೆಯ ಗುರುತೂ ಸಿಗದ ಹಾಗೆ ಉಜ್ಜುತ್ತಿದ್ದ. ಎಲ್ಲರಿಗೂ ಬರುವ ಕೆಲಸವಲ್ಲ ಅದು. ಅವನಿಗೆ ಅದರ ಬಗ್ಗೆ ಜಂಬವೂ ಇತ್ತು. ಏದುಸಿರು ಬಿಡುತ್ತ ತುಂಡು ತುಂಡಾಗಿ ಓದಿದ ಮಾತು ಅವನ ಕೈಯಿಂದ ಹೊರಬರುವಾಗ ನೀರು ಹರಿದ ಹಾಗೆ ಹರಿಯುತ್ತಿತ್ತು. ಈ ವಯಸ್ಸಿನಲ್ಲೂ ಎಂಥ ದಮ್ಮು ಎಂದು ಕೇಳುಗರು ಬರೆಯುತ್ತಿದ್ದರು.

"ನನ್ನನ್ನ ಇಪ್ಪತ್ತು ವರ್ಷ ಚಿಕ್ಕವಳನ್ನಾಗಿ ಮಾಡಿಬಿಟ್ಟೆಯಲ್ಲೋ" ಎಂದಿದ್ದಳು ಅಕ್ಕ, ಸಿದ್ಧವಾದ ಕಂತನ್ನು ಕೇಳಿ. ಎರಡು ಸಲ ಹಾಕಿಸಿಕೊಂಡು ಕೇಳಿದಳು. ಅವಳಿಗೂ ಅದನ್ನು ನಂಬುವ ಆಸೆಯಿತ್ತು.

ಕತ್ತರಿಸಿದ್ದನ್ನು ಅವನು ಎಸೆಯುತ್ತಿರಲಿಲ್ಲ. ರಿಪೇರಿ ಮಾಡುವವರು ಹಳೆಯ ತಿರುಪನ್ನೂ ಎಸೆಯುವುದಿಲ್ಲ. ಎಲ್ಲ ಚೂರುಗಳನ್ನೂ ಪರದೆಯ ತಳದ ಒಂದು ಟ್ರ್ಯಾಕಿಗೆ, ಅಂದರೆ ದನಿಯ ಗೆರೆಗೆ, ಸಾಲಾಗಿ ಇಳಿಸಿ, ದನಿ ಮುಚ್ಚಿ ಇಡುತ್ತಿದ್ದ. ಮೇಷ್ಟ್ರು ಒಮ್ಮೆ ಅದನ್ನು ಕೇಳಿ ಮೆಚ್ಚಿಕೊಂಡಿದ್ದರು ಕೂಡ.

"ಇಟ್ಟಿರು ಇಟ್ಟಿರು. ಮುಂದೆ ಯಾರಾದ್ರೂ ಸಾಯೋ ಸೀನ್ ಬಂದ್ರೆ ಬೇಕಾಗುತ್ತೆ."

*

ಮೇಷ್ಟ್ರು ಕಿಟಕಿಯ ಬಳಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸಣ್ಣ ಸ್ಪೀಕರಿಗೆ ಜೋಡಿಸಿ, ಗಂಟಲು ಸರಿಮಾಡಿಕೊಂಡು ನಾಲ್ಕು ಮಾತಾಡಿದರು. ಆಮೇಲೆ ಒತ್ತಿದರು. ಅಂಗಳದ ತುಂಬ ಅಕ್ಕನ ದನಿ ಎದ್ದಿತು. ಮನೆ ಬಿಟ್ಟು ಹೊರಟ ಮಗನನ್ನು ತಾಯಿ ಬೈಯುವ ಸೀನು. ಬೈಗುಳ, ಗೋಗರೆತ, ಮತ್ತೆ ಬೈಗುಳ, ಎಲ್ಲೂ ತಡೆಯಿಲ್ಲದೆ ಹರಿದುಬರುತ್ತಿತ್ತು. ಒಳಗೆ ಬಿಳಿ ಬಟ್ಟೆಯಡಿ ಮಲಗಿದ್ದವಳಿಗೂ ಆ ದನಿಗೂ ಸಂಬಂಧವೇ ಇಲ್ಲದ ಹಾಗಿತ್ತು.

"ಏನು ದಮ್ಮು, ಏನು ದಮ್ಮು" ಎಂದು ಹಳೆಯ ಡ್ರೈವರು ತಲೆದೂಗಿದ.

ಮಗಳು ಹೊರಗೆ ಬಂದು ನಿಂತಳು. "ಈ ಸೀನು ನಂಗೆ ಗೊತ್ತು" ಎಂದಳು, ಯಾರಿಗೆಂದಿಲ್ಲದೆ. "ಒಂದು ದಿನ ಫೋನಲ್ಲಿ ಅಮ್ಮನ ದನಿ ಒಂಥರಾ ಇತ್ತು. ಯಾಕಮ್ಮ ಏದುಸಿರು ಬಿಡ್ತಿದೀಯ, ನಾನು ಬರ್ತೀನಿ, ಡಾಕ್ಟರ ಹತ್ರ ಹೋಗೋಣ ಅಂದೆ. ಏನೂ ಆಗಿಲ್ಲ ಕಣೇ, ಮೆಟ್ಟಿಲು ಹತ್ತಿ ಬಂದೆ, ಅನುಮಾನ ಇದ್ರೆ ಈ ವಾರದ ನಾಟಕ ಕೇಳು ಅಂದ್ಲು. ಕೇಳ್ದೆ. ಇದೇ ಸೀನು. ಇಷ್ಟುದ್ದ ಮಾತು, ಒಂದೇ ಉಸಿರಲ್ಲಿ. ಇಷ್ಟು ದಮ್ಮಿರೋಳಿಗೆ ಏನು ರೋಗ ಅಂತ ನಾನೂ ಸುಮ್ಮನಾದೆ. ಹಾಕಿದ್ದ ರಜೆ ವಾಪಸ್ ತಗೊಂಡೆ."

ಕತ್ತರಿ ಎದ್ದು ನಿಂತ. ಮೇಷ್ಟ್ರು ಅವನ ಮುಖ ನೋಡಿದವರೇ ನಾಟಕ ನಿಲ್ಲಿಸಿ ಅವನ ಮಣಿಕಟ್ಟು ಹಿಡಿದುಕೊಂಡರು.

"ಬೇಡ ಕಣೋ" ಎಂದು ಪಿಸುಗುಟ್ಟಿದರು. "ಹೇಳಿದ್ರೆ ಹೋದವಳು ಎದ್ದು ಬರ್ತಾಳಾ? ನಂಗೂ ಕೇಳಿಸಿತ್ತಪ್ಪ. ಪಾತ್ರದೊಳಗೆ ಇಳಿದುಬಿಟ್ಟಿದಾಳೆ ಅಂದ್ಕೊಂಡೆ. ನಾವೇನು ಡಾಕ್ಟರಾ? ಈಗ ಬಾಯಿ ಬಿಟ್ರೆ ನಮ್ಮ ನಾಟಕ ಇನ್ಯಾರು ಕೇಳ್ತಾರೆ?"

ಕತ್ತರಿ ಕೈ ಬಿಡಿಸಿಕೊಂಡ. ಲ್ಯಾಪ್‌ಟಾಪನ್ನು ಸ್ಪೀಕರಿನಿಂದ ಕಿತ್ತು ಎದೆಗವಚಿಕೊಂಡು, ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಒಳಗೆ ಹೋದ. ನಡುಮನೆ ದಾಟಿದರೆ ಮಲಗುವ ಕೋಣೆ. ಯಾವಾಗಲೋ ಒಳಗೆ ಎದ್ದು ಬಂದಿದ್ದ ಭಾವ ಮಂಚದ ತಮ್ಮ ಕಡೆಯಲ್ಲಿ ಕೂತಿದ್ದರು. ಇನ್ನೊಂದು ಕಡೆ ದಿಂಬುಗಳು ಒಂದರ ಮೇಲೊಂದು ಹಾಗೇ ಇದ್ದವು. ಮೇಲಿನದರಲ್ಲಿ ತಲೆಯ ಕುಳಿ ಇನ್ನೂ ಇತ್ತು.

"ಭಾವ" ಎಂದ ಮೆಲ್ಲಗೆ. "ನಂಗೆ ಕೇಳಿಸ್ತಿತ್ತು."

"ಹಾಂ?"

"ಅಕ್ಕನ ಉಸಿರು. ನಂಗೆ ಕೇಳಿಸ್ತಿತ್ತು."

"ಜೋರಾಗಿ ಹೇಳೋ ಮಾರಾಯ. ಗೊತ್ತಲ್ಲ ನನ್ನ ಕಿವಿ."

ಕಿವುಡನ ಹತ್ತಿರ ಗುಟ್ಟಾಗಿ ತಪ್ಪೊಪ್ಪಿಕೊಳ್ಳಲು ಬರುವುದಿಲ್ಲ. ಇದು ಕತ್ತರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಬಾಗಿಲಾಚೆ ನಡುಮನೆ, ಅದರಾಚೆ ಅಂಗಳ, ಎಲ್ಲ ಕಡೆ ಜನ. ಅವನು ಬಾಗಿ ಭಾವನ ಕಿವಿಗೆ ಬಾಯಿಟ್ಟು ಕೂಗಿದ.

"ನಂಗೆ ಕೇಳಿಸ್ತಿತ್ತು ಭಾವ! ಅಕ್ಕನ ಉಸಿರಿನ ಸದ್ದು! ಬೇಸಿಗೆಯಿಂದ ಕೇಳಿಸ್ತಿತ್ತು! ನಾನೇ ಕತ್ತರಿಸಿ ಕತ್ತರಿಸಿ ತೆಗೆದೆ! ನಿಮ್ಮ ಕಿವಿದೇನೂ ತಪ್ಪಿಲ್ಲ!"

ಮನೆಯಲ್ಲಿ ಮಾತೆಲ್ಲ ನಿಂತಿತು. ಅಂಗಳದಲ್ಲಿ ಯಾರೋ ಕೆಮ್ಮಿ ಅರ್ಧಕ್ಕೆ ತಡೆದರು. ಮಗಳು ಬಾಗಿಲಲ್ಲಿ ಬಂದು ನಿಂತು ಕತ್ತರಿಯನ್ನೇ ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡ. ಹೊಡೆಯಲಿ ಎಂದೇ ಅವನಿಗಿತ್ತು.

"ಬೇಸಿಗೆಯಿಂದ?" ಎಂದಳು.

"ಹೂಂ."

"ಅಷ್ಟು ಚೆನ್ನಾಗಿ ಕತ್ತರಿಸಿದ್ರಿ ನೀವು" ಎಂದಳು. "ನಾನು ಎರಡೆರಡು ಸಲ ಕೇಳಿದೀನಿ ಆ ಕಂತನ್ನ. ಒಂದು ಕಡೆಯೂ ಗೊತ್ತಾಗಲಿಲ್ಲ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಕುಸಿದು ಕೂತಳು.

ಭಾವ ಮಾತ್ರ ಕತ್ತರಿಯ ಕೈಯಲ್ಲಿದ್ದುದನ್ನು ನೋಡುತ್ತಿದ್ದರು.

"ತೆಗೆದಿದ್ದು ಎಲ್ಲಿದೆ?"

ಕತ್ತರಿ ಲ್ಯಾಪ್‌ಟಾಪ್ ತೋರಿಸಿದ.

"ಕೇಳಿಸು."

"ಅಪ್ಪ, ಬೇಡ" ಎಂದಳು ಮಗಳು. ಅವರಿಗೆ ಕೇಳಿಸಲಿಲ್ಲ.

ಕತ್ತರಿ ಹೆಡ್‌ಫೋನನ್ನು ಅವರ ತಲೆಗೆ ಹಾಕಿ, ಎರಡೂ ಕಿವಿಗೆ ಸರಿಯಾಗಿ ಕೂರಿಸಿದ. ಮೇಲಿನ ಟ್ರ್ಯಾಕುಗಳನ್ನೆಲ್ಲ ಮುಚ್ಚಿದ. ತಳದ್ದೊಂದನ್ನು ತೆರೆದು, ದನಿಯನ್ನು ಹೋಗುವಷ್ಟು ಮೇಲಕ್ಕೆ ಏರಿಸಿದ. ಮಾತಿಲ್ಲ, ಬರೀ ಉಸಿರು. ಒಂದರ ಹಿಂದೆ ಒಂದು. ಹೆಡ್‌ಫೋನಿನ ಅಂಚಿನಿಂದ ಸೋರಿದ ಸುಂಯ್‌ಗುಟ್ಟುವಿಕೆ ಬಾಗಿಲಲ್ಲಿ ಕೂತವಳಿಗೂ ಕೇಳಿಸುವಷ್ಟಿತ್ತು.

ಮೊದಲು ಭಾವನ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಅವರ ಕೈ ನಿಧಾನವಾಗಿ ಮೇಲೆದ್ದು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಿತು.

"ಇಷ್ಟು ಜೋರಾಗಿತ್ತಾ?" ಎಂದು ಕೂಗಿದರು. "ಇಷ್ಟು ಜೋರಾಗಿತ್ತೇನೋ? ನನ್ನ ಮಗ್ಗುಲಲ್ಲಿ?"

ಅವರ ಹೊರೆ ಇಳಿಸಲೆಂದು ಕತ್ತರಿ ಬಂದಿದ್ದ. ಇಳಿಯಲಿಲ್ಲ, ಅವನು ಅದರ ಮೇಲೆ ಇನ್ನಷ್ಟು ಹೇರಿದ್ದ. ಇಲ್ಲಿಯವರೆಗೆ ಯಾವುದೋ ಒಂದು ಸದ್ದು ತಪ್ಪಿಹೋಗಿತ್ತು, ಅಷ್ಟೆ. ಈಗ ಅದು ಎಂಥದು, ಎಷ್ಟು ದೊಡ್ಡದು ಎಂದು ಅವರಿಗೆ ಗೊತ್ತಾಗಿತ್ತು. ಅವನು ಗಾಬರಿಯಿಂದ ಹೆಡ್‌ಫೋನು ತೆಗೆಯಹೋದ. ಭಾವ ಎರಡೂ ಕೈಯಿಂದ ಅದನ್ನು ಭದ್ರವಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದರು, ಬಿಡಲಿಲ್ಲ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಚಿತಾಗಾರದವರು ಕೊಟ್ಟ ಹೊತ್ತು ಮೀರುತ್ತದೆ, ತಡವಾದರೆ ಮಧ್ಯಾಹ್ನದ ಮೇಲೆ ತಳ್ಳುತ್ತಾರೆ ಎಂದು ಯಾರೋ ಅವಸರ ಮಾಡಿದರು. ಬೇರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಜನ ಎದ್ದರು. ಇನ್ಸ್‌ಪೆಕ್ಟರ್ ಮತ್ತು ಬಸ್ಸಿನವರು ನಾಲ್ಕು ಕಡೆ ಹೆಗಲು ಕೊಟ್ಟು ಅಕ್ಕನನ್ನು ಎತ್ತಿದರು.

ಮಗಳು ಎದ್ದು ಬಂದು ಭಾವನ ಭುಜ ಮುಟ್ಟಿದಳು. "ಅಪ್ಪ, ಹೊರಟರು. ಏಳಿ."

ಭಾವ ಕಣ್ಣು ತೆರೆಯಲಿಲ್ಲ. ಅಂಗೈ ಬಿಡಿಸಿ ಕೈಯೊಂದನ್ನು ಮೇಲೆತ್ತಿದರು: ತಡೀರಿ.

ತೆರೆದ ಬಾಗಿಲಿನಿಂದ ಆ ಕೈ ನಡುಮನೆಗೂ ಕಾಣಿಸುತ್ತಿತ್ತು. ಹಿಂತಿರುಗಿ ಅದನ್ನು ಕಂಡ ಇನ್ಸ್‌ಪೆಕ್ಟರ್ ಹೊಸ್ತಿಲಾಚೆ ಇಟ್ಟ ಕಾಲನ್ನು ಅಲ್ಲೇ ನಿಲ್ಲಿಸಿದ. ಅವನು ನಿಂತದ್ದು ನೋಡಿ ಹಿಂದಿನವರೂ ನಿಂತರು. ಹೆಗಲ ಭಾರಕ್ಕೆ ಹಳೆಯ ಡ್ರೈವರನ ಮೊಣಕಾಲು ನಡುಗುತ್ತಿತ್ತು. ಯಾರೂ ಕಾಲು ಬದಲಿಸಲಿಲ್ಲ, ಯಾರೂ ಕೆಮ್ಮಲಿಲ್ಲ. ಮೇಷ್ಟ್ರು ಗೇಟಿನ ಬಳಿ ಓಡಿ ಗಾಡಿಯವನಿಗೆ ಇಂಜಿನ್ ಆರಿಸುವಂತೆ ಸನ್ನೆ ಮಾಡಿದರು. ಇಂಜಿನ್ನೂ ನಿಂತಿತು.

ಕತ್ತರಿ ಲ್ಯಾಪ್‌ಟಾಪ್ ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದ. ತಳದ ಟ್ರ್ಯಾಕಿನಲ್ಲಿ ಕೊನೆಯ ಚೂರೂ ದಾಟಿಹೋಗಿತ್ತು. ಮುಂದೆ ಬರೀ ಖಾಲಿ ಗೆರೆ ಓಡುತ್ತಿತ್ತು.

ಭಾವನ ಕೈ ಇಳಿಯಲಿಲ್ಲ.